ಇಬ್ಬರು ನೃಪತುಂಗರು

ನೃಪತುಂಗನೆಂಬ ಹೆಸರು ಕಿವಿಗೆ ಬಿದ್ದೊಡನೆ ಕನ್ನಡಿಗನ ಮನಸ್ಸಿನಲ್ಲಿ ಮೂಡುವ ಮೂರ್ತಿ ಒಂದೇ: ಇನ್ನೂ ಬಾಲಕನಾಗಿದ್ದಾಗಲೇ, ಕ್ರಿ. ಶ. ೮೧೪ರಲ್ಲಿ, ರಾಷ್ಟ್ರಕೂಟ ಸಿಂಹಾಸನವನ್ನೇರಿ, ಅರುವತ್ತು ವರ್ಷಗಳಿಗೂ ಮಿಕ್ಕ ಕಾಲ ರಾಜ್ಯವನ್ನಾಳಿ, ಆಸ್ಥಾನದ ಶ್ರೀವಿಜಯನಿಂದ ‘ಕವಿರಾಜಮಾರ್ಗ’ವು ರೂಪುಗೊಂಡಾಗ ಅದಕ್ಕೆ ತನ್ನ ಅನುಮತಿಯನ್ನೂ ಹೆಸರನ್ನೂ ಇತ್ತ ಮಾನ್ಯಖೇಟದ ಅಮೋಘವರ್ಷನ ಮೂರ್ತಿ. ಆದರೆ ಅದೇ ಒಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಕಾಂಚೀಪುರದ ಪಲ್ಲವ ಸಿಂಹಾಸನದ ಮೇಲೆ ಇನ್ನೊಬ್ಬ ನೃಪತುಂಗನು ಕುಳಿತಿದ್ದನು. ಪುದುಚೇರಿಯ ಸಮೀಪದ ಬಾಹೂರಿನಲ್ಲಿ ದೊರೆತ ತಾಮ್ರಪಟಗಳು ಅವನ ಆಳಿಕೆಯ ಎಂಟನೆಯ ವರ್ಷದಲ್ಲಿ ಅಲ್ಲಿಯ ವಿದ್ಯಾಸ್ಥಾನವೊಂದಕ್ಕೆ ಮೂರು ಹಳ್ಳಿಗಳನ್ನು ದತ್ತಿಯಾಗಿ ಬಿಟ್ಟ ಸಂಗತಿಯನ್ನು ಹೇಳುತ್ತವೆ. ಒಬ್ಬ ನೃಪತುಂಗನ ಹೆಸರು ಕನ್ನಡದಲ್ಲಿ ಉಪಲಬ್ಧವಾದ ಮೊದಲ ಗ್ರಂಥದೊಡನೆ ಬೆಸೆದುಕೊಂಡಿದೆ. ಇನ್ನೊಬ್ಬನದು ತಮಿಳುನೆಲದ ಒಂದು ವಿದ್ಯಾಪೀಠದೊಡನೆ. ಇವರಿಬ್ಬರ ಹೆಸರು ಒಂದೇ ಆದುದು ಆಕಸ್ಮಿಕವಲ್ಲವೆಂಬುದೂ, ಮೊದಲನೆಯವನು ಎರಡನೆಯವನಿಗೆ ತಾಯಿಯ ತಂದೆಯೆಂಬುದೂ ದಕ್ಷಿಣದ ಇತಿಹಾಸದಲ್ಲಿ ನಾವು ಇನ್ನೂ ಸಾಕಷ್ಟು ಆದರದಿಂದ ನೋಡದಿರುವ ವಿಷಯ.

ಅವರ ನಡುವೆ ನಿಂತವಳ ಹೆಸರು ಶಂಖಾ. ಬಾಹೂರಿನ ಪಟಗಳು ಅವಳನ್ನು ರಾಷ್ಟ್ರಕೂಟ ಕುಲದಲ್ಲಿ ಹುಟ್ಟಿದವಳೆಂದು ಸ್ಪಷ್ಟವಾಗಿ ಹೇಳುತ್ತವೆ. ಭೂಮಿಯಂತೆ ಸಹನೆಯುಳ್ಳವಳೆಂದೂ ತಾಯಿಯಂತೆ ಪ್ರಜೆಗಳ ಪ್ರೀತಿಯನ್ನು ಪಡೆದವಳೆಂದೂ ಹೊಗಳುತ್ತವೆ. ತೆಳ್ಳಾರಿನ ಯುದ್ಧದಲ್ಲಿ ಜಯಶೀಲನಾಗಿ ಆ ಜಯದಿಂದಲೇ ತಮಿಳು ಶಾಸನಗಳಲ್ಲಿ ಪ್ರಸಿದ್ಧನಾದ ಮೂರನೆಯ ನಂದಿವರ್ಮನ ರಾಣಿಯಾಗಿ ಅವಳು ನೃಪತುಂಗವರ್ಮನನ್ನು ಹಡೆದಳೆಂದು ತಿಳಿಸುತ್ತವೆ. ಅವಳ ತಂದೆ ಯಾರೆಂಬುದನ್ನು ಮಾತ್ರ ಪಟಗಳು ಹೇಳುವುದಿಲ್ಲ. ಹೇಳಬೇಕಾದ ಅಗತ್ಯವೂ ಇರಲಿಲ್ಲವೆಂದು ತೋರುತ್ತದೆ. ಪಲ್ಲವರ ವಂಶಾವಳಿಯನ್ನು ಮೊದಲಿನಿಂದ ನೋಡುತ್ತ ಬಂದರೆ ಸಿಂಹವರ್ಮ, ಸ್ಕಂದವರ್ಮ, ಮಹೇಂದ್ರವರ್ಮ, ನರಸಿಂಹವರ್ಮ, ಪರಮೇಶ್ವರವರ್ಮ, ನಂದಿವರ್ಮ ಎಂಬ ಹೆಸರುಗಳು ಮೇಲಿಂದ ಮೇಲೆ ಬರುತ್ತವೆಯೇ ಹೊರತು ನೃಪತುಂಗನೆಂಬ ಹೆಸರು ಅದಕ್ಕೆ ಹಿಂದೆ ಒಮ್ಮೆಯೂ ಕಾಣದು. ಅತ್ತ ಮಾನ್ಯಖೇಟದಲ್ಲಿ ಅದು ಆ ಕಾಲದ ಚಕ್ರವರ್ತಿಯ ಬಿರುದಾಗಿ ಆಸೇತುವಾಗಿ ಹರಡಿದ್ದ ಹೆಸರು. ರಾಷ್ಟ್ರಕೂಟ ಕನ್ಯೆಯೊಬ್ಬಳು ಕಂಚಿಯ ಅರಮನೆಗೆ ಬಂದಳು, ಅವಳ ಮಗನಿಗೆ ಆ ಹೆಸರಾಯಿತು ಎಂದರೆ, ತಂದೆಯ ಹೆಸರನ್ನು ಮಗಳು ಮಗನ ಮೂಲಕ ಸಾರಿದಂತೆಯೇ ಆಯಿತು. ಶಂಖಾ ಅಮೋಘವರ್ಷನ ಮಗಳೆಂದು ಇತಿಹಾಸಕಾರರು ನಿರ್ಣಯಿಸಿರುವುದು ಮುಖ್ಯವಾಗಿ ಈ ಆಧಾರದ ಮೇಲೆಯೇ. ನನಗೆ ಆ ನಿರ್ಣಯ ಯುಕ್ತವಾಗಿ ಕಾಣುತ್ತದೆ.

ಅಮೋಘವರ್ಷನು ಹೆಣ್ಣುಮಕ್ಕಳನ್ನು ನೆರೆಯ ಅರಸುಮನೆಗಳಿಗೆ ಕೊಟ್ಟು ಗಡಿಗಳನ್ನು ಶಾಂತಗೊಳಿಸಿದ ರಾಜನೀತಿಜ್ಞನೆಂಬುದಕ್ಕೆ ಬೇರೆ ಸಾಕ್ಷ್ಯವೂ ಉಂಟು. ಅವನ ಇನ್ನೊಬ್ಬ ಮಗಳು ಚಂದ್ರೊಬಲಬ್ಬೆ ತಲಕಾಡಿನ ಗಂಗರ ಬೂತುಗನನ್ನು ವರಿಸಿದಳು; ಬಹುಕಾಲ ನಡೆದ ಗಂಗ-ರಾಷ್ಟ್ರಕೂಟ ವೈರ ಆ ವಿವಾಹದಿಂದ ನಿಂತಿತು. ಯುದ್ಧದಲ್ಲಿ ಅಷ್ಟೇನೂ ಆಸಕ್ತಿಯಿಲ್ಲದ, ಶಾಸ್ತ್ರಗೋಷ್ಠಿಯಲ್ಲಿ ಕಾಲ ಕಳೆಯಬಯಸಿದ ಈ ಅರಸನ ದೀರ್ಘ ರಾಜ್ಯಭಾರದ ಸ್ಥೈರ್ಯಕ್ಕೆ ಅವನ ಸೇನಾಪತಿ ಬಂಕೆಯನ ಖಡ್ಗವೆಷ್ಟು ಕಾರಣವೋ ಈ ಇಬ್ಬರು ಹೆಣ್ಣುಮಕ್ಕಳೂ ಅಷ್ಟೇ ಕಾರಣರೆಂದು ನಾನು ಭಾವಿಸುತ್ತೇನೆ. ಬಂಕೆಯನ ಹೆಸರು ಬಂಕಾಪುರದಲ್ಲಿ ನಿಂತಿದೆ. ಶಂಖಾಳ ಹೆಸರು ಯಾವ ಊರಿಗೂ ಬರಲಿಲ್ಲ.

ಕಂಚಿಯ ಅಂತಃಪುರಕ್ಕೆ ಕನ್ನಡ ನಾಡಿನಿಂದ ಬಂದವರಲ್ಲಿ ಶಂಖಾ ಮೊದಲನೆಯವಳೂ ಅಲ್ಲ. ವೇಲೂರುಪಾಳೆಯಂ ತಾಮ್ರಪಟಗಳು ಅವಳ ಗಂಡನ ಹಿರಿಯರನ್ನು ಹೆಸರಿಸುವಾಗ ಎರಡನೆಯ ನಂದಿವರ್ಮ ಪಲ್ಲವಮಲ್ಲನ ರಾಣಿ ರೇವಾ ಎಂದೂ, ಅವಳ ಮಗ ದಂತಿವರ್ಮನೆಂದೂ, ಆ ದಂತಿವರ್ಮನ ರಾಣಿ ಕದಂಬ ಕುಲದ ಅಗ್ಗಳನಿಮ್ಮಡಿಯೆಂದೂ, ಅವರ ಮಗನೇ ಮೂರನೆಯ ನಂದಿವರ್ಮನೆಂದೂ ಕ್ರಮವಾಗಿ ಹೇಳುತ್ತವೆ. ಇಲ್ಲಿ ದಂತಿವರ್ಮನೆಂಬ ಹೆಸರನ್ನು ಗಮನಿಸಬೇಕು. ಪಲ್ಲವರಲ್ಲಿ ಅದೂ ಹೊಸದು. ಬಾದಾಮಿಯ ಚಾಲುಕ್ಯರನ್ನು ಎಂಟನೆಯ ಶತಮಾನದ ನಡುವಿನಲ್ಲಿ ಕೆಡಹಿ ರಾಷ್ಟ್ರಕೂಟ ಸಾಮ್ರಾಜ್ಯಕ್ಕೆ ಅಸ್ತಿಭಾರವನ್ನು ಹಾಕಿದ ವೀರನು ದಂತಿದುರ್ಗ. ಅವನ ಹಿರಿಯರಲ್ಲಿಯೂ ಒಬ್ಬ ದಂತಿವರ್ಮನಿದ್ದನು. ದಂತಿದುರ್ಗನು ದಂಡೆತ್ತಿ ಕಂಚಿಯವರೆಗೆ ಹೋಗಿ, ಬಳಿಕ ಪಲ್ಲವಮಲ್ಲನೊಡನೆ ಸಖ್ಯ ಬೆಳಸಿ ಮಗಳು ರೇವೆಯನ್ನು ಕೊಟ್ಟನೆಂದು ವಿದ್ವಾಂಸರು ಊಹಿಸುತ್ತಾರೆ. ಆ ಊಹೆಯ ಮುಖ್ಯ ಆಧಾರವೂ ಮೊಮ್ಮಗನ ಹೆಸರೇ.

ಈ ಹೆಸರಿನ ಕಥೆಯಲ್ಲಿ ನನ್ನ ಮನಸ್ಸನ್ನು ತಟ್ಟುವ ಅಂಶವೊಂದಿದೆ. ದಂತಿದುರ್ಗನು ಗಂಡುಸಂತಾನವಿಲ್ಲದೆ ತೀರಿಹೋದನು. ರಾಜ್ಯವು ಅವನ ಚಿಕ್ಕಪ್ಪನಾದ, ಎಲ್ಲೋರದ ಕೈಲಾಸ ದೇವಾಲಯವನ್ನು ಕೊರೆಯಿಸಿದ ಒಂದನೆಯ ಕೃಷ್ಣನಿಗೆ ಸಂದಿತು. ಮುಂದೆ ಎರಡು ಶತಮಾನಗಳ ಕಾಲ ಆ ವಂಶದ ಪ್ರಧಾನ ಶಾಖೆಯಲ್ಲಿ ಕೃಷ್ಣ, ಗೋವಿಂದ, ಇಂದ್ರ, ಕರ್ಕ ಎಂಬ ಹೆಸರುಗಳು ತಾತನಿಂದ ಮೊಮ್ಮಗನಿಗೆ, ದೊಡ್ಡಪ್ಪನಿಂದ ತಮ್ಮನ ಮಗನಿಗೆ ಸಾಗುತ್ತ ಬಂದುವು. ದಂತಿಯೆಂಬ ಹೆಸರಿನವನು ಮಾತ್ರ ಆ ಸಿಂಹಾಸನದ ಮೇಲೆ ಮತ್ತೆ ಕುಳಿತದ್ದಿಲ್ಲ. ವಿದ್ವಾಂಸರ ಊಹೆ ನಿಜವಾದರೆ, ಸಾಮ್ರಾಜ್ಯವನ್ನು ಕಟ್ಟಿದವನ ಹೆಸರು ಅವನ ಮನೆಯಲ್ಲಿಯೇ ಅಳಿದು, ಅವನು ಮಗಳನ್ನು ಕೊಟ್ಟ ಮನೆಯಲ್ಲಿ, ಪರಭಾಷೆಯ ನಾಡಿನಲ್ಲಿ, ಐವತ್ತು ವರ್ಷಗಳಷ್ಟು ಕಾಲ ರಾಜನಾಮವಾಗಿ ಬಾಳಿತು. ಅಷ್ಟೇ ಅಲ್ಲ; ಕೃಷ್ಣನ ಮೊಮ್ಮಗನಾದ ಮೂರನೆಯ ಗೋವಿಂದನು ೮೦೪ರ ವೇಳೆಗೆ ದಂಡೆತ್ತಿ ಹೋಗಿ ಕಂಚಿಯಲ್ಲಿ ಸೋಲಿಸಿ ಕಪ್ಪ ಕೊಂಡುದು ಈ ದಂತಿವರ್ಮನಿಂದಲೇ. ಒಂದೇ ಮನೆತನದ ಗಂಡಿನ ಸಂತತಿಯವನು ಹೆಣ್ಣಿನ ಸಂತತಿಯವನ ಮೇಲೆ ಕತ್ತಿಯೆತ್ತಿದ ಆ ದಿನ ಇಬ್ಬರಿಗೂ ಆ ನೆಂಟತನದ ನೆನಪು ಇದ್ದಿರಲೇಬೇಕು, ಏಕೆಂದರೆ ಅದು ಎದುರಾಳಿಯ ಹೆಸರಿನಲ್ಲಿಯೇ ಇದ್ದಿತು.

ಹೀಗೆ ರೇವಾ, ಅಗ್ಗಳನಿಮ್ಮಡಿ, ಶಂಖಾ ಎಂದು ಮೂರು ತಲೆಮಾರುಗಳ ಕಾಲ ಕಂಚಿಯ ಪಟ್ಟದ ರಾಣಿಯರು ಕನ್ನಡ ನಾಡಿನ ಮನೆತನಗಳವರು. ಹಿಂದೆ, ೬೪೨ರಲ್ಲಿ, ಬಾದಾಮಿಯನ್ನು ಸುಟ್ಟು ‘ವಾತಾಪಿಕೊಂಡ’ನೆಂಬ ಬಿರುದನ್ನು ಧರಿಸಿದ ನರಸಿಂಹವರ್ಮನ ಸಿಂಹಾಸನವದು, ಅದಕ್ಕೆ ಪ್ರತಿಯಾಗಿ ಕಂಚಿಯನ್ನು ಹಿಡಿದು, ಕೈಲಾಸನಾಥನ ಗುಡಿಯ ಐಶ್ವರ್ಯವನ್ನು ಮುಟ್ಟದೆ ಹಿಂದಿರುಗಿಸಿ, ಆ ಸಂಗತಿಯನ್ನು ಅಲ್ಲಿಯ ಕಂಬದ ಮೇಲೆ ಕನ್ನಡದಲ್ಲಿಯೇ ಕೆತ್ತಿಸಿಬಂದವನು ಎರಡನೆಯ ವಿಕ್ರಮಾದಿತ್ಯ. ಕಂಚಿ-ಕನ್ನಡಗಳ ಸಂಬಂಧವೆಂದರೆ ಈ ಎರಡು ದಂಡಯಾತ್ರೆಗಳೆಂದೇ ನಾವು ಓದಿ ಬೆಳೆದವರು. ನಂದಿ, ದಂತಿ, ನಂದಿ, ನೃಪತುಂಗ ಎಂಬ ನಾಲ್ಕು ಹೆಸರುಗಳ ಸಾಲು ಬೇರೊಂದನ್ನು ಹೇಳುತ್ತದೆ: ಒಬ್ಬನಿಗೆ ತಾಯಿಯ ತಂದೆಯ ಹೆಸರಾದರೆ ಮುಂದಿನವನಿಗೆ ತಂದೆಯ ತಂದೆಯದು, ಅವನ ಮಗನಿಗೆ ಮರಳಿ ತಾಯಿಯ ತಂದೆಯದು. ನಮ್ಮ ಊರುಗಳಲ್ಲಿ ಅಜ್ಜನ ಹೆಸರನ್ನು ಮೊಮ್ಮಗನಿಗಿಡುವ ವಾಡಿಕೆಯನ್ನು ಬಲ್ಲ ಯಾರಿಗೂ ಈ ಸಾಲಿನ ನಡಿಗೆ ಅಪರಿಚಿತವಲ್ಲ. ಎರಡೂ ಬೀಗರ ಗೌರವ ಅದರಲ್ಲಿ ಉಳಿದಿದೆ.

ಪಲ್ಲವರ ಕೊನೆಯವನಾದ ಅಪರಾಜಿತನನ್ನು ಕೊಂದು ತೊಂಡೈಮಂಡಲವನ್ನು ಕೈಕೊಂಡ ಚೋಳ ಆದಿತ್ಯನ ಮನೆಯಲ್ಲಿಯೂ ಇದೇ ಬಗೆಯ ಸಂಗತಿ ನಡೆಯಿತು. ಆದರೆ ಅದರ ಫಲ ಕಹಿಯಾಯಿತು. ಆದಿತ್ಯನಿಗೆ ಪರಾಂತಕನಲ್ಲದೆ ಕನ್ನರದೇವನೆಂಬ ಮಗನೊಬ್ಬನಿದ್ದುದು ಶಾಸನಗಳಿಂದ ತಿಳಿದಿದೆ. ಕೃಷ್ಣನನ್ನು ನಮ್ಮ ಶಾಸನಗಳು ಕರೆಯುವುದು ಕನ್ನರನೆಂದು. ಚೋಳರಲ್ಲಿ ಆ ಹೆಸರಿಗೆ ಪೂರ್ವವೃತ್ತಾಂತವಿಲ್ಲ. ಅಮೋಘವರ್ಷನ ಮಗನಾದ ಎರಡನೆಯ ಕೃಷ್ಣನು ಇಳಂಗೋನ್ ಪಿಚ್ಚಿಯೆಂಬ ಮಗಳನ್ನು ಆದಿತ್ಯನಿಗೆ ಕೊಟ್ಟಿದ್ದನೆಂದೂ, ೯೦೭ರಲ್ಲಿ ಪಟ್ಟವು ಪರಾಂತಕನಿಗೆ ಹೋದಾಗ ಮೊಮ್ಮಗನ ಹಕ್ಕಿಗಾಗಿ ದಂಡೆತ್ತಿ ಬಂದನೆಂದೂ ಪಂಡಿತರು ಊಹಿಸುತ್ತಾರೆ. ವಲ್ಲಾಳದಲ್ಲಿ, ಎಂದರೆ ಇಂದಿನ ತಿರುವಲ್ಲಂನಲ್ಲಿ, ನಡೆದ ಯುದ್ಧದಲ್ಲಿ ಕೃಷ್ಣನಿಗೆ ಸೋಲಾಯಿತು. ಆ ಚೋಳ ಕನ್ನರನು ಪಟ್ಟಕ್ಕೆ ಬರಲಿಲ್ಲ. ನಲವತ್ತು ವರ್ಷಗಳ ತರುವಾಯ ಇನ್ನೊಬ್ಬ ಕನ್ನರನು, ಎರಡನೆಯ ಕೃಷ್ಣನ ಮರಿಮಗನಾದ ಮೂರನೆಯ ಕೃಷ್ಣನು, ಅರಕ್ಕೋಣದ ಬಳಿಯ ತಕ್ಕೋಲದಲ್ಲಿ ೯೪೯ರಲ್ಲಿ ಪರಾಂತಕನ ಹಿರಿಯ ಮಗ ರಾಜಾದಿತ್ಯನನ್ನು ಕೆಡಹಿ, ಕಂಚಿಯನ್ನೂ ತಂಜೆಯನ್ನೂ ಕೊಂಡ ಕನ್ನರದೇವನೆಂದು ತಮಿಳು ಶಾಸನಗಳಲ್ಲಿಯೇ ಹೊಗಳಿಸಿಕೊಂಡನು. ತಮಿಳು ನಾಡಿನ ಗುಡಿಗಳ ಗೋಡೆಗಳ ಮೇಲೆ ಕನ್ನರನೆಂಬ ಹೆಸರನ್ನು ಓದುವವರು ಈ ಇಬ್ಬರಲ್ಲಿ ಯಾವನು ಎಂದು ವಿಚಾರಿಸಿಯೇ ಮುಂದುವರಿಯಬೇಕು.

ತಕ್ಕೋಲದ ಯುದ್ಧವನ್ನು ಸ್ಮರಿಸುವ ನಮ್ಮ ಆತಕೂರಿನ ಕಲ್ಲು, ಮದ್ದೂರಿನ ಪ್ರಾಂತದಿಂದ ಬಂದು ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿ ನಿಂತಿರುವುದು, ಈ ದೃಷ್ಟಿಯಿಂದ ಅಮೂಲ್ಯವಾದುದು. ರಾಜಾದಿತ್ಯನನ್ನು ಕೊಂದವನು ಗಂಗರ ಎರಡನೆಯ ಬೂತುಗ. ಅದಕ್ಕಾಗಿ ಕೃಷ್ಣನಿಂದ ಬನವಾಸಿ ಪನ್ನಿರ್ಚ್ಛಾಸಿರ ಮೊದಲಾದ ನಾಡುಗಳನ್ನು ಪಡೆದನು. ಆ ಯುದ್ಧದಲ್ಲಿ ಮೆರೆದ ಮಣಲೆರನಿಗೆ ಬೂತುಗನು ಬೇಡಿದ್ದನ್ನು ಕೊಡುವೆನೆಂದಾಗ ಆ ವೀರನು ಬೇಡಿದ್ದು ಅರಸನ ಪ್ರೀತಿಯ ನಾಯಿ ಕಾಳಿಯನ್ನು. ಕಾಳಿಯು ಹಂದಿಯೊಡನೆ ಹೋರಿ ಸತ್ತಾಗ ನೆಟ್ಟ ಕಲ್ಲು ಇದು. ಈ ಬೂತುಗನು ಕೃಷ್ಣನಿಗೆ ಭಾವಮೈದುನ. ಅವನ ಹೆಂಡತಿ, ಕೃಷ್ಣನ ಅಕ್ಕ, ರೇವಕನಿಮ್ಮಡಿ. ಎಂಟನೆಯ ಶತಮಾನದಲ್ಲಿ ಕಂಚಿಗೆ ಹೋದ ರೇವೆಯ ಹೆಸರು ಇನ್ನೂರು ವರ್ಷಗಳ ನಂತರ ಅದೇ ರಾಷ್ಟ್ರಕೂಟ ಮನೆಯ ಇನ್ನೊಬ್ಬ ಮಗಳಿಗೆ ಬಂದುದನ್ನು ನೋಡಿದರೆ, ಗಂಡುಹೆಸರುಗಳಂತೆ ಹೆಣ್ಣುಹೆಸರುಗಳಿಗೂ ಆ ಮನೆಗಳಲ್ಲಿ ಪರಂಪರೆಯೊಂದು ಇದ್ದಿತೆಂದೂ, ಶಾಸನಗಳು ಹೆಂಗಸರ ವಿಷಯದಲ್ಲಿ ಮಿತಭಾಷಿಗಳಾದುದರಿಂದ ಅದು ನಮಗೆ ಎಳೆಯೆಳೆಯಾಗಿ ಮಾತ್ರ ಕಾಣುತ್ತದೆಂದೂ ತೋರುತ್ತದೆ.

ಹೆಸರಿನ ಹಾದಿ ಒಂದು ಸಿಂಹಾಸನವನ್ನೇ ತಂದುಕೊಟ್ಟ ಪ್ರಸಂಗ ವೆಂಗಿಯದು. ಇಮ್ಮಡಿ ಪುಲಕೇಶಿಯ ತಮ್ಮ ಕುಬ್ಜ ವಿಷ್ಣುವರ್ಧನನು ಸ್ಥಾಪಿಸಿದ ಆ ಪೂರ್ವ ಚಾಲುಕ್ಯ ಮನೆಯಲ್ಲಿ ನಾಲ್ಕು ಶತಮಾನಗಳ ಕಾಲ ವಿಷ್ಣುವರ್ಧನ, ಜಯಸಿಂಹ, ವಿಜಯಾದಿತ್ಯ, ಭೀಮ, ಅಮ್ಮ ಎಂಬ ಹೆಸರುಗಳು ನಡೆದುಬಂದಿದ್ದುವು. ತಂಜಾವೂರಿನ ಬೃಹದೀಶ್ವರನ ಗುಡಿಯನ್ನು ಕಟ್ಟಿಸಿದ ರಾಜರಾಜ ಚೋಳನು ಮಗಳು ಕುಂದವೆಯನ್ನು ವೆಂಗಿಯ ವಿಮಲಾದಿತ್ಯನಿಗೆ ಕೊಟ್ಟನು. ಆ ಕುಂದವೆಗೂ ಅದು ಸ್ವಂತಕ್ಕೆ ಬಂದ ಹೆಸರಲ್ಲ. ರಾಜರಾಜನು ತಾಯಿಯಂತೆ ಗೌರವಿಸಿದ ಅಕ್ಕನ ಹೆಸರು ಅದು. ವಿಮಲಾದಿತ್ಯನ ರಾಣಿಯಾದ ಕುಂದವೆಯ ಮಗ ರಾಜರಾಜ ನರೇಂದ್ರ, ನನ್ನಯ್ಯಭಟ್ಟನಿಂದ ತೆಲುಗು ಮಹಾಭಾರತವನ್ನು ಆರಂಭ ಮಾಡಿಸಿದ ಮಹಾಶಯ. ಅವನ ಆಸ್ಥಾನದಲ್ಲಿ ನನ್ನಯ್ಯನಿಗೆ ನೆರವಾದ ನಾರಾಯಣಭಟ್ಟನು ಸಂಸ್ಕೃತ, ತೆಲುಗುಗಳೊಡನೆ ಕನ್ನಡದಲ್ಲಿಯೂ ಕವಿಯೆಂದು ನಂದಂಪೂಡಿಯ ಶಾಸನವು ಹೊಗಳುತ್ತದೆ. ಹೆಸರಿನಲ್ಲಿ ಚೋಳ, ಕುಲದಲ್ಲಿ ಬಾದಾಮಿಯ ಚಾಲುಕ್ಯ, ಭಾಷೆಯಲ್ಲಿ ತೆಲುಗಿನ ಪೋಷಕ, ಆಸ್ಥಾನದಲ್ಲಿ ಕನ್ನಡದ ಸುಕವಿ! ದಕ್ಷಿಣಾಪಥದ ಸಂಸ್ಕೃತಿಯ ಒಗ್ಗಟ್ಟನ್ನು ವರ್ಣಿಸಹೊರಟವರಿಗೆ ಇವನೊಬ್ಬನ ಸಭೆ ಸಾಕು.

ರಾಜರಾಜ ನರೇಂದ್ರನು ತನ್ನ ಸೋದರಮಾವನಾದ ರಾಜೇಂದ್ರ ಚೋಳನ ಮಗಳು ಅಮ್ಮಂಗದೇವಿಯನ್ನು ಮದುವೆಯಾದನು. ಅವರ ಮಗನಿಗೆ ಮತ್ತೆ ತಾಯಿಯ ತಂದೆಯ ಹೆಸರೇ ಆಯಿತು: ರಾಜೇಂದ್ರ. ಹೀಗೆ ಎರಡು ತಲೆಮಾರು ಚೋಳರ ಹೆಸರುಗಳನ್ನು ಹೊತ್ತ ಈ ಚಾಲುಕ್ಯ ಕುಮಾರನು ೧೦೭೦ರಲ್ಲಿ, ಚೋಳ ಅಧಿರಾಜೇಂದ್ರನು ಕೆಲವೇ ಕಾಲ ಆಳಿ ಅಳಿದಾಗ, ಗಂಗೈಕೊಂಡಚೋಳಪುರದ ಸಿಂಹಾಸನವನ್ನು ಹತ್ತಿ, ಮೊದಲ ಕೆಲವು ವರ್ಷ ರಾಜೇಂದ್ರನೆಂದೇ ಶಾಸನ ಹಾಕಿಸಿ, ಬಳಿಕ ಕುಲೋತ್ತುಂಗನೆಂಬ ಅಭಿಧಾನದಿಂದ ಐವತ್ತು ವರ್ಷ ಆಳಿದನು. ಅವನನ್ನು ತಡೆಯಲೆತ್ನಿಸಿದವನೂ ಒಬ್ಬ ಚಾಲುಕ್ಯನೇ. ವೀರರಾಜೇಂದ್ರ ಚೋಳನ ಅಳಿಯನೂ ಅಧಿರಾಜೇಂದ್ರನ ಭಾವನೂ ಆಗಿದ್ದ ಕಲ್ಯಾಣದ ವಿಕ್ರಮಾದಿತ್ಯನು ತೆಂಕಣಕ್ಕೆ ಹೋಗಿ ಭಾವಮೈದುನನನ್ನು ಪಟ್ಟದಲ್ಲಿ ಕುಳ್ಳಿರಿಸಿ ತುಂಗಭದ್ರೆಗೆ ಹಿಂದಿರುಗಿದ ಸ್ವಲ್ಪದರಲ್ಲಿಯೇ ಅವನು ಸತ್ತ ಸುದ್ದಿಯೂ ವೆಂಗಿಯ ಅರಸನು ಆ ಪಟ್ಟವನ್ನು ಕಿತ್ತುಕೊಂಡ ಸುದ್ದಿಯೂ ಬಂದುವೆಂದು ಬಿಲ್ಹಣನು ತನ್ನ ‘ವಿಕ್ರಮಾಂಕದೇವಚರಿತ’ದಲ್ಲಿ ನಿರೂಪಿಸುತ್ತಾನೆ. ಕಾಶ್ಮೀರದಿಂದ ಬಂದು ಕಲ್ಯಾಣದ ವಿದ್ಯಾಪತಿಯಾಗಿದ್ದ ಆ ಕವಿ ಕುಲೋತ್ತುಂಗನನ್ನು ಕರೆಯುವುದು ರಾಜಿಗನೆಂದು. ರಾಜೇಂದ್ರನ ಭವ್ಯ ನಾಮವನ್ನು ಹೀಗೆ ಮೊಟಕುಗೊಳಿಸುವುದರಲ್ಲಿ ವೈರಿಯ ಅನಾದರವಿದೆ. ಆ ಹೆಸರಿನ ಬಲವೇನೆಂಬುದನ್ನು ಕಲ್ಯಾಣದವರು ಚೆನ್ನಾಗಿ ಅರಿತಿದ್ದರೆಂಬುದಕ್ಕೆ ಆ ಅನಾದರವೇ ಸಾಕ್ಷಿ. ತಂಜಾವೂರು ಸೀಮೆಯ ಪ್ರಜೆಗಳಿಗೆ ಹೊರಗಿನಿಂದ ಬಂದ ಅರಸನು ಪರಕೀಯನೆನಿಸದಿದ್ದುದಕ್ಕೆ, ಅವನು ಹುಟ್ಟಿದಂದಿನಿಂದಲೇ ಅವರ ಮಹಾರಾಜನ ಹೆಸರನ್ನು ಹೊತ್ತಿದ್ದುದೂ ಒಂದು ಕಾರಣವಾಗಿದ್ದೀತು.

ಈ ಚೋಳ ನಾಮಗಳು ಇನ್ನೂ ಬಡಗಣಕ್ಕೆ ಕಳಿಂಗದವರೆಗೆ ನಡೆದುವು. ಚೋಳ ರಾಜಪುತ್ರಿ ರಾಜಸುಂದರಿಯ ಮಗನಾಗಿ ಕಳಿಂಗದ ಗಂಗ ವಂಶದಲ್ಲಿ ಹುಟ್ಟಿ ೧೦೭೮ರಲ್ಲಿ ಪಟ್ಟಕ್ಕೆ ಬಂದ ಅನಂತವರ್ಮನು ಚೋಡಗಂಗನೆಂದೇ ಪ್ರಖ್ಯಾತನಾದನು. ಪುರಿಯ ಜಗನ್ನಾಥ ದೇವಾಲಯವನ್ನು ಕಟ್ಟಲಾರಂಭಿಸಿದವನು ಅವನೇ. ತಾಯಿಯ ಕುಲವನ್ನೂ ತಂದೆಯ ಕುಲವನ್ನೂ ಒಂದೇ ಪದದಲ್ಲಿ ಸೇರಿಸಿದ ಹೆಸರಿದು. ಆ ಕಳಿಂಗ ಗಂಗರು ತಮ್ಮ ಮೂಲವನ್ನು ಗಂಗವಾಡಿಯ ಕೋಲಾಹಲಪುರಕ್ಕೆ, ಎಂದರೆ ನಮ್ಮ ಕೋಲಾರಕ್ಕೆ, ಒಯ್ದು ಮುಟ್ಟಿಸುತ್ತಾರೆ.

ಹೀಗೆಂದು ಹೆಸರು ಒಂದಾದಲ್ಲೆಲ್ಲ ರಕ್ತಸಂಬಂಧವನ್ನು ಹುಡುಕಹೊರಟರೆ ದಾರಿ ತಪ್ಪುವುದು ನಿಶ್ಚಯ. ಬೇಲೂರಿನ ಚೆನ್ನಕೇಶವನನ್ನು ಪ್ರತಿಷ್ಠಿಸಿದ ಹೊಯ್ಸಳ ವಿಷ್ಣುವರ್ಧನನಿಗೂ ವೆಂಗಿಯ ಹಲವು ವಿಷ್ಣುವರ್ಧನರಿಗೂ ನಂಟಿಲ್ಲ. ಕುಲೋತ್ತುಂಗನ ಮಗ ವಿಕ್ರಮಚೋಳನೂ ಕಲ್ಯಾಣದ ವಿಕ್ರಮಾದಿತ್ಯನೂ ಸಮಕಾಲೀನರಾದರೂ, ವಿಕ್ರಮವೆಂಬುದು ಯಾವ ಅರಸನಿಗೂ ಒಪ್ಪುವ ಮಾತು. ಕಲ್ಯಾಣದವರು ಸತ್ಯಾಶ್ರಯ, ವಿಕ್ರಮಾದಿತ್ಯರೆಂಬ ಬಾದಾಮಿಯ ಹೆಸರುಗಳನ್ನು ಮತ್ತೆ ತಂದುದು ಅಳಿದ ಸಾಮ್ರಾಜ್ಯದ ಮೇಲಣ ಹಕ್ಕನ್ನು ಸಾರುವುದಕ್ಕಾಗಿ. ಹೆಸರು ಮೇಲಿನಿಂದ ಇಳಿದು ಬಂದುದೂ ಉಂಟು: ಪೆನುಕೊಂಡೆಯ ತಾಮ್ರಪಟಗಳ ಪ್ರಕಾರ ಗಂಗ ಆರ್ಯವರ್ಮನಿಗೆ ಪಟ್ಟಗಟ್ಟಿದವನು ಪಲ್ಲವ ಸಿಂಹವರ್ಮ, ಆರ್ಯವರ್ಮನ ಮಗ ಮಾಧವನಿಗೆ ಸಿಂಹವರ್ಮನೆಂಬುದೇ ಎರಡನೆಯ ಹೆಸರಾಯಿತು. ಪನಸೋಗೆಯ ಯುದ್ಧದಲ್ಲಿ ಮೆರೆದ ಮನಿಜನಿಗೆ ರಾಜರಾಜನು ಕೊಂಗಾಳ್ವನೆಂಬ ಪಟ್ಟವನ್ನು ಕೊಡಿಸಿದ ಮೇಲೆ ಕೊಡಗಿನ ಅಂಚಿನ ಆ ಅರಸರು ರಾಜೇಂದ್ರಚೋಳ ಕೊಂಗಾಳ್ವರೆಂದು ಕರೆಯಿಸಿಕೊಂಡರು. ತಲಕಾಡೇ ಕೆಲವು ಕಾಲ ರಾಜರಾಜಪುರವಾಗಿದ್ದಿತು, ಹೊಯ್ಸಳ ವಿಷ್ಣುವರ್ಧನನು ೧೧೧೬ರಲ್ಲಿ ಅದನ್ನು ಗೆದ್ದುಕೊಳ್ಳುವವರೆಗೆ. ಇವೆಲ್ಲ ಅಧೀನತೆಯ ಗುರುತುಗಳು. ಒಂದು ಮನೆಗೆ ಹಿಂದೆಂದೂ ಇಲ್ಲದ ಹೆಸರು, ಹೊರಗಿನಿಂದ ಬಂದ ಸೊಸೆಯ ಹಿಂದೆಯೇ, ಅವಳ ಮಗನಿಗೆ ಬಂದರೆ ಮಾತ್ರ ಅದನ್ನು ತವರಿನ ಹೆಸರೆಂದು ಹಿಡಿಯಬಹುದು. ನೃಪತುಂಗ, ರಾಜರಾಜ, ರಾಜೇಂದ್ರರು ಈ ಪರೀಕ್ಷೆಯಲ್ಲಿ ನಿಲ್ಲುತ್ತಾರೆ. ದಂತಿವರ್ಮ, ಚೋಳ ಕನ್ನರ ಇವರಿಬ್ಬರ ವಿಷಯದಲ್ಲಿ ತಾಯಿಯ ಕುಲವೂ ಊಹೆಯೇ ಆದುದರಿಂದ ಸ್ವಲ್ಪ ಎಚ್ಚರಿಕೆ ಬೇಕು.

ಒಂದನೆಯ, ಎರಡನೆಯ, ಮೂರನೆಯ ಎಂದು ಅರಸರಿಗೆ ಅಂಕೆಯಿಡುವ ಕ್ರಮ ಆ ಕಾಲದ್ದಲ್ಲ. ಆಧುನಿಕ ಚರಿತ್ರಕಾರರು ಸೌಕರ್ಯಕ್ಕಾಗಿ ಮಾಡಿಕೊಂಡದ್ದು. ಅದರಿಂದ ಒಂದು ಮನೆಯೊಳಗಿನ ಗೊಂದಲ ತಪ್ಪಿತು, ನಿಜ. ಆದರೆ ಮಾನ್ಯಖೇಟದ ನೃಪತುಂಗನನ್ನು ಒಂದು ಅಧ್ಯಾಯದಲ್ಲಿಯೂ ಕಂಚಿಯ ನೃಪತುಂಗನನ್ನು ಇನ್ನೊಂದು ಅಧ್ಯಾಯದಲ್ಲಿಯೂ ಇರಿಸಿ, ನಡುವೆ ವಂಶಗಳ ಗೋಡೆ ಕಟ್ಟಿದುದರಿಂದ ತಾತ ಮೊಮ್ಮಕ್ಕಳು ಒಬ್ಬರಿಗೊಬ್ಬರು ಅಪರಿಚಿತರಾದರು. ನಮ್ಮ ಪಾಠಪುಸ್ತಕಗಳ ವಂಶವೃಕ್ಷಗಳು ಗಂಡುಮಕ್ಕಳಿಂದ ಗಂಡುಮಕ್ಕಳಿಗೆ ಮಾತ್ರ ಗೆರೆಯೆಳೆಯುತ್ತವೆ. ಪುಸ್ತಕ ಬರೆಯುವವರಲ್ಲಿಯೂ ಪಾಠ ಹೇಳುವ ಉಪಾಧ್ಯಾಯರಲ್ಲಿಯೂ ನನ್ನ ಬಿನ್ನಹವಿಷ್ಟೆ: ರಾಷ್ಟ್ರಕೂಟರ ವಂಶವೃಕ್ಷವನ್ನು ಹಲಗೆಯ ಮೇಲೆ ಬರೆಯುವಾಗ ದಂತಿದುರ್ಗನ ಕೆಳಗೆ ರೇವೆಯ ಹೆಸರನ್ನೂ ಅಮೋಘವರ್ಷನ ಕೆಳಗೆ ಶಂಖಾ, ಚಂದ್ರೊಬಲಬ್ಬೆಯರ ಹೆಸರುಗಳನ್ನೂ ಬರೆಯಿರಿ, ಅಲ್ಲಿಂದ ಕಂಚಿಗೂ ತಲಕಾಡಿಗೂ ಗೆರೆಯೆಳೆದು, ಕಂಚಿಯ ಗೆರೆಯ ಕೊನೆಯಲ್ಲಿ ದಂತಿವರ್ಮನನ್ನೂ ಎರಡನೆಯ ನೃಪತುಂಗನನ್ನೂ ಮಕ್ಕಳಿಗೆ ತೋರಿಸಿರಿ.